ಗೋರಿಕಲ್ಲು ಓದಲು ಒಂದು ಕನ್ನಡಿ ಸಾಕು

[ದೃಶ್ಯ: ನಡುಮಧ್ಯಾಹ್ನದ ಬಿಸಿಲು. ಬೂದು ಬಣ್ಣದ ಹಳೆಯ ಗೋರಿಕಲ್ಲು. ಮೇಲೆ ಏನೂ ಬರೆದಂತೆ ಕಾಣುವುದಿಲ್ಲ.]

ನಮಸ್ಕಾರ. ಈ ಕಲ್ಲಿನ ಮೇಲೆ ಏನಿದೆ, ಓದಿ ನೋಡೋಣ. ಆಗುತ್ತಿಲ್ಲ ಅಲ್ಲವೇ? ಸ್ವಲ್ಪ ತಾಳಿ. ಕಲ್ಲಿನ ಎಡಬದಿಗೆ ಕನ್ನಡಿ ಹಿಡಿದು ಬಿಸಿಲನ್ನು ಓರೆಯಾಗಿ ಅದರ ಮೈಮೇಲೆ ಹಾಯಿಸುತ್ತೇನೆ.

[ದೃಶ್ಯ: ಬೆಳಕು ನಿಧಾನವಾಗಿ ಸರಿಯುತ್ತದೆ. ಅಕ್ಷರಗಳು ಒಂದೊಂದಾಗಿ ಏಳುತ್ತವೆ.]

ನೆತ್ತಿಯ ಮೇಲಿನ ಬಿಸಿಲಿಗೆ ಅಕ್ಷರದ ಗುಳಿಗಳಲ್ಲಿ ನೆರಳೇ ಇರಲಿಲ್ಲ. ಬೆಳಕು ಓರೆಯಾದ ಕೂಡಲೇ ನೆರಳು ಕೂತಿತು, ಹೆಸರು ಎದ್ದಿತು. ಬ್ರಿಟನ್ನಿನಲ್ಲಿ ಕುಟುಂಬ ಚರಿತ್ರೆಯ ಸಂಘಗಳ ಸ್ವಯಂಸೇವಕರು ಚರ್ಚಿನ ಅಂಗಳಗಳಲ್ಲಿ ಮಂಡಿಯೂರಿ ಮಾಡುವ ಕೆಲಸ ಇದೇ: ಕನ್ನಡಿ, ನೀರಿನ ಸೀಸೆ, ನೋಟ್‌ಬುಕ್, ಪೆನ್ಸಿಲ್.

ಇಷ್ಟು ಶ್ರಮ ಯಾಕೆ? ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಸರ್ಕಾರ ಜನನ ಮರಣ ನೋಂದಣಿ ಆರಂಭಿಸಿದ್ದು 1837ರ ಜುಲೈ 1ರಂದು. ಅದಕ್ಕೂ ಹಿಂದಿನ ಅಜ್ಜನನ್ನು ಹುಡುಕುವವರು ಚರ್ಚಿನ ದಫ್ತರಕ್ಕೇ ಹೋಗಬೇಕು. ಅಲ್ಲಿ ಹೂಳಿದ ದಿನ, ಒಂದು ಹೆಸರು, ಹೆಚ್ಚಿನ ಸಲ ಅಷ್ಟೇ. ಕಲ್ಲು ಅದಕ್ಕಿಂತ ವಾಚಾಳಿ. ಯಾರ ಹೆಂಡತಿ, ಎಲ್ಲಿಂದ ಬಂದವರು, ಹಸುಗೂಸುಗಳೆಷ್ಟು ಜೊತೆಗೆ ಮಲಗಿವೆ, ಎಲ್ಲವನ್ನೂ ಹೇಳುತ್ತದೆ.

[ದೃಶ್ಯ: ಕಲ್ಲಿನ ಮೇಲೆ ಬಿಳಿ, ಹಳದಿ ಚಕ್ಕೆಗಳು. ಹತ್ತಿರದಿಂದ.]

ಈ ಚಕ್ಕೆಗಳು ಕಲ್ಲುಹೂವು. ಹೌದು, ನಿಮ್ಮ ಮಸಾಲೆ ಡಬ್ಬಿಯಲ್ಲಿರುವ ಕಲ್ಲುಹೂವಿನ ನೆಂಟ. ಇದನ್ನು ಕೆರೆದು ತೆಗೆಯಬೇಡಿ, ಕಲ್ಲಿನ ಮೇಲ್ಪದರವೂ ಅದರ ಜೊತೆ ಬಂದೀತು. ತಂತಿ ಬ್ರಷ್ ಬೇಡ, ಆ್ಯಸಿಡ್ ಬೇಡ. ಶೇವಿಂಗ್ ಕ್ರೀಮ್ ಬಳಿದು ಅಕ್ಷರ ಎಬ್ಬಿಸುವ ವಿಡಿಯೋಗಳು ಎಲ್ಲೆಡೆ ಓಡಾಡುತ್ತಿವೆ. ಅದಂತೂ ಬೇಡವೇ ಬೇಡ. ಅದರ ರಾಸಾಯನಿಕ ಕಲ್ಲಿನ ಸಣ್ಣ ರಂಧ್ರಗಳಲ್ಲಿ ಉಳಿದು ತಿನ್ನುತ್ತಲೇ ಇರುತ್ತದೆ. ನಾನೂ ಮೊದಮೊದಲು ಒಂದು ಕಲ್ಲಿನ ಮೇಲೆ ಸೀಮೆಸುಣ್ಣ ಉಜ್ಜಿದ್ದೆ. ಅಕ್ಷರವೇನೋ ಚೆನ್ನಾಗಿ ಕಂಡಿತು. ಆದರೆ ಅದು ಕಲ್ಲುಕುಟಿಗ ಕೆತ್ತಿದ ಅಕ್ಷರವಾಗಿರಲಿಲ್ಲ, ನಾನು ಊಹಿಸಿ ತುಂಬಿದ ಅಕ್ಷರವಾಗಿತ್ತು.

ಕೆಲವು ಕಲ್ಲುಗಳಲ್ಲಿ ಅಕ್ಷರವೇ ಇರುವುದಿಲ್ಲ, ಸಣ್ಣ ತೂತುಗಳಷ್ಟೇ. ಅಲ್ಲಿ ಸೀಸದ ಅಕ್ಷರ ಕೂರಿಸಿದ್ದರು, ಸೀಸ ಉದುರಿಹೋಗಿದೆ. ಚುಕ್ಕಿ ರಂಗೋಲಿ ನೋಡಿ ಬಲ್ಲವರಿಗೆ ಇದು ಕಷ್ಟವಲ್ಲ. ಚುಕ್ಕಿ ಎಲ್ಲೆಲ್ಲಿದೆ ಎಂದು ಗೊತ್ತಾದರೆ ಗೆರೆ ಹೇಗೆ ಹೋಗಿತ್ತು ಎಂದು ಹೇಳಬಹುದು.

ಬರೆದುಕೊಳ್ಳುವಾಗ ನಿಯಮ ಒಂದೇ: ಇದ್ದದ್ದನ್ನು ಇದ್ದ ಹಾಗೆ. ಕಾಗುಣಿತ ತಪ್ಪಿದ್ದರೆ ತಪ್ಪನ್ನೇ ಬರೆಯಿರಿ. ಸಾಲು ಎಲ್ಲಿ ಮುರಿದಿದೆಯೋ ಅಲ್ಲೇ ಮುರಿಯಿರಿ. ಓದಲಾಗದ ಕಡೆ ಚೌಕ ಕಂಸ ಹಾಕಿ ಖಾಲಿ ಬಿಡಿ. ಸವೆದ 1 ಮತ್ತು 7, 3 ಮತ್ತು 8 ಒಂದೇ ತರಹ ಕಾಣುತ್ತವೆ. "ಇದು 8 ಇರಬೇಕು" ಎಂದು ನೀವು ಸರಿಪಡಿಸಿದರೆ, ಮೂವತ್ತು ವರ್ಷದ ನಂತರ ಯಾರೋ ತಮ್ಮ ಮುತ್ತಜ್ಜಿಯನ್ನು ಐದು ವರ್ಷ ಆಚೆ ಈಚೆ ಹುಡುಕುತ್ತಾರೆ.

ಸರಿಪಡಿಸುವ ಚಪಲಕ್ಕೆ ದೊಡ್ಡ ಬಲಿ ಎಂದರೆ ಇಸವಿ. 1752ಕ್ಕೆ ಮೊದಲು ಇಂಗ್ಲೆಂಡಿನಲ್ಲಿ ಹೊಸ ವರ್ಷ ಹುಟ್ಟುತ್ತಿದ್ದದ್ದು ಮಾರ್ಚ್ 25ಕ್ಕೆ, ಹೆಚ್ಚುಕಡಿಮೆ ನಮ್ಮ ಯುಗಾದಿಯ ಹೊತ್ತಿಗೆ. ಹಾಗಾಗಿ ಕಲ್ಲಿನ ಮೇಲಿನ "1740 ಫೆಬ್ರವರಿ" ನಮ್ಮ ಲೆಕ್ಕದಲ್ಲಿ 1741 ಆಗಿರಬಹುದು. ಅದೇ ಮನುಷ್ಯ 1740ರ ಡಿಸೆಂಬರಿನಲ್ಲಿ ಉಯಿಲಿಗೆ ಸಹಿ ಹಾಕಿದ್ದರೆ ಸತ್ತವನು ಎದ್ದು ಬಂದನೇ ಎಂದು ಗಾಬರಿಯಾಗಬೇಕಿಲ್ಲ.

[ದೃಶ್ಯ: ಚೆನ್ನೈನ ಸೇಂಟ್ ಜಾರ್ಜ್ ಕೋಟೆ. ಸೇಂಟ್ ಮೇರಿ ಚರ್ಚಿನ ಸುತ್ತ ನೆಲಕ್ಕೆ ಹಾಸಿದ ಗೋರಿಕಲ್ಲುಗಳು.]

ಇನ್ನು, ಕಲ್ಲಿದ್ದಲ್ಲಿ ದೇಹವೂ ಇರುತ್ತದೆ ಎಂದುಕೊಳ್ಳಬೇಡಿ. ಈ ಚಪ್ಪಡಿಗಳ ಕೆಳಗೆ ಅವರಾರೂ ಇಲ್ಲ. ಇವು ಕೋಟೆಯ ಹೊರಗಿನ ಹಳೆಯ ಸ್ಮಶಾನದವು. 1758-59ರಲ್ಲಿ ಫ್ರೆಂಚರು ಮದ್ರಾಸಿಗೆ ಮುತ್ತಿಗೆ ಹಾಕಿದಾಗ ಆ ಗೋರಿಗಳನ್ನೇ ಮರೆ ಮಾಡಿಕೊಂಡಿದ್ದರು. ಮುತ್ತಿಗೆ ಮುಗಿದ ಮೇಲೆ ಕಲ್ಲುಗಳನ್ನು ಒಳಗೆ ತಂದು ಹಾಸಿದರು. ಮದ್ರಾಸಿನ ಗವರ್ನರ್ ಆಗಿದ್ದ ಸರ್ ಥಾಮಸ್ ಮನ್ರೋ ಇರುವುದೂ ಇದೇ ಚರ್ಚಿನಲ್ಲಿ. 1827ರಲ್ಲಿ ಕಾಲರಾದಿಂದ ಸತ್ತಾಗ ಅವರನ್ನು ಹೂಳಿದ್ದು ಗುತ್ತಿಯಲ್ಲಿ, ನಂತರ ಅವಶೇಷಗಳನ್ನು ಇಲ್ಲಿಗೆ ತಂದರು. ಆದ್ದರಿಂದಲೇ ಸ್ವಯಂಸೇವಕರು ಬರಹದ ಜೊತೆ ನಕ್ಷೆಯನ್ನೂ ಬರೆಯುತ್ತಾರೆ: ಯಾವ ಸಾಲು, ಎಷ್ಟನೆಯ ಕಲ್ಲು, ಪಕ್ಕದಲ್ಲಿ ಯಾರು. ಮದುವೆಯಾಗಿ ಹೆಸರು ಬದಲಾದ ಮಗಳು ಅಪ್ಪನ ಮಗ್ಗುಲಲ್ಲೇ ಇರಬಹುದು.

ಭಾರತದ ಇಂತಹ ಸ್ಮಶಾನಗಳ ದಾಖಲೆಗೆಂದೇ 1976ರಲ್ಲಿ ಲಂಡನ್ನಿನಲ್ಲಿ ಥಿಯಾನ್ ವಿಲ್ಕಿನ್ಸನ್ ಒಂದು ಸಂಘ ಕಟ್ಟಿದರು, ದಕ್ಷಿಣ ಏಷ್ಯಾದ ಸ್ಮಶಾನಗಳ ಬ್ರಿಟಿಷ್ ಸಂಘ, ಚಿಕ್ಕದಾಗಿ ಬಾಕ್ಸಾ. ಸದಸ್ಯರು ಕಳಿಸುವ ಬರಹ, ಚಿತ್ರಗಳು ಬ್ರಿಟಿಷ್ ಲೈಬ್ರರಿ ಸೇರುತ್ತವೆ. ಅವರ ಪತ್ರಿಕೆಯ ಹೆಸರು ನನಗೆ ಬಹಳ ಇಷ್ಟ: "ಚೌಕೀದಾರ್". ಅದಕ್ಕೂ ಮುಂಚೆ, 1905ರಲ್ಲೇ, ಜೂಲಿಯನ್ ಜೇಮ್ಸ್ ಕಾಟನ್ ಎಂಬ ಅಧಿಕಾರಿ ಮದ್ರಾಸ್ ಪ್ರಾಂತದ ಗೋರಿಬರಹಗಳ ದಪ್ಪ ಪಟ್ಟಿ ಪ್ರಕಟಿಸಿದ್ದರು. ಬಳ್ಳಾರಿ ಆಗ ಮದ್ರಾಸಿಗೆ ಸೇರಿತ್ತು. ಅಲ್ಲಿಯ ಗೋರಿಗಳನ್ನು ಹುಡುಕುವವರು ಇಂದಿಗೂ ಆ ಪಟ್ಟಿ ತೆರೆಯುತ್ತಾರೆ.

[ದೃಶ್ಯ: ಶ್ರೀರಂಗಪಟ್ಟಣ. ಕಾವೇರಿ ದಂಡೆಯ ಗ್ಯಾರಿಸನ್ ಸ್ಮಶಾನ.]

ಬೆಂಗಳೂರು ಮೈಸೂರು ರಸ್ತೆಯಲ್ಲಿ ಹೋಗುವ ನಮ್ಮಲ್ಲಿ ಎಷ್ಟು ಜನ ಇಲ್ಲಿ ಇಳಿದಿದ್ದೇವೆ? ಇಲ್ಲಿರುವವರಲ್ಲಿ ಸ್ವಿಸ್ ದಳದವರೂ ಇದ್ದಾರೆ. ದ ಮ್ಯೂರಾನ್ ಎಂಬ ಸ್ವಿಸ್ ಮನೆತನದ ಹೆಸರಿನ ಈ ದಳವನ್ನು 1781ರಲ್ಲಿ ಕಟ್ಟಿದ್ದು ಡಚ್ಚರಿಗಾಗಿ. 1795ರಲ್ಲಿ ಸಿಲೋನಿನಲ್ಲಿದ್ದಾಗ ಅದು ಬ್ರಿಟಿಷರ ಕೈಗೆ ಬಂತು, 1799ರಲ್ಲಿ ಟಿಪ್ಪುವಿನ ವಿರುದ್ಧ ಇಲ್ಲಿಗೆ ಬಂತು. ಹಾಳುಬಿದ್ದಿದ್ದ ಈ ಸ್ಮಶಾನದ ದುರಸ್ತಿಗೆ ಕೈಜೋಡಿಸಿದವರಲ್ಲಿ ಆ ಮನೆತನದ ಇಂದಿನ ಪೀಳಿಗೆಯವರೂ ಇದ್ದರು.

"ನಮ್ಮಲ್ಲಿ ಸುಡುತ್ತಾರೆ, ನಮಗೇನು ಕಲ್ಲು?" ಎಂದು ಕೆಲವರು ಕೇಳುತ್ತೀರಿ. ನಿಜ, ಎಷ್ಟೋ ಮನೆಗಳ ವಂಶಾವಳಿ ಇರುವುದು ಊರೂರು ತಿರುಗಿ ವಂಶದ ಕಥೆ ಹೇಳುವ ಹೆಳವರ ಬಾಯಲ್ಲಿ, ಅವರ ಪುಸ್ತಕಗಳಲ್ಲಿ. ಆದರೆ ಬೆಂಗಳೂರಿನ ಸುತ್ತ ವೀರಗಲ್ಲು, ಶಾಸನಗಳನ್ನು ಹುಡುಕಿ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡುತ್ತಿರುವ ಸ್ವಯಂಸೇವಕರ ಕೆಲಸವೂ ಇದೇ ಜಾತಿಯದು. ಮೈಸೂರು ಸೀಮೆಯ ಶಾಸನಗಳನ್ನು ಸಂಗ್ರಹಿಸಿದ ಬಿ.ಎಲ್. ರೈಸ್ ನೂರು ವರ್ಷಕ್ಕೂ ಹಿಂದೆ ಅಚ್ಚು ಮಾಡಿಸಿದ ಶಾಸನಪಾಠವನ್ನು ಕೈಯಲ್ಲಿ ಹಿಡಿದು ಅವರು ಊರೂರು ಅಲೆಯುತ್ತಾರೆ. ಎಷ್ಟೋ ಕಡೆ ಪಾಠ ಸಿಗುತ್ತದೆ, ಕಲ್ಲು ಸಿಗುವುದಿಲ್ಲ.

ನಿಮ್ಮೂರಿನ ಚರ್ಚು, ದರ್ಗಾ, ರುದ್ರಭೂಮಿಯಲ್ಲಿ ಶುರು ಮಾಡುವುದಾದರೆ ಮೊದಲು ಅಲ್ಲಿಯ ಸಮಿತಿಯ ಅನುಮತಿ ಕೇಳಿ. ಬೆಳಗ್ಗೆ ಎಂಟರೊಳಗೆ ಹೋದರೆ ಸೂರ್ಯನೇ ಓರೆಯಾಗಿರುತ್ತಾನೆ, ಕನ್ನಡಿಯೂ ಬೇಕಾಗದು. ತಂದಿದ್ದರೆ ಮಾತ್ರ ಕೆಲಸ ಮುಗಿದ ಮೇಲೆ ಅದನ್ನು ಬಟ್ಟೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿ, ಒಣಹುಲ್ಲಿನ ಮೇಲೆ ಬಿಟ್ಟು ಬರಬೇಡಿ.