ಮಹಡಿ ಹಲಗೆ ಉಜ್ಜಿದ ಕಥೆ

ಕೇಳುಗರಿಗೆಲ್ಲ ನಮಸ್ಕಾರ.

ನಮ್ಮ ತುಮಕೂರಿನ ಕಡೆ ಮರದ ನೆಲ ಅಂದರೆ ಜನ ನಗುತ್ತಾರೆ. ನೆಲ ಅಂದರೆ ನಮಗೆ ಸಗಣಿ ಸಾರಿಸಿದ್ದು, ಕಡಪ ಕಲ್ಲು, ರೆಡ್ ಆಕ್ಸೈಡ್, ಈಚೆಗೆ ಟೈಲ್ಸು. ಆದರೆ ಪೇಟೆ ಬೀದಿಯ ಯಾವುದಾದರೂ ಹಳೇ ಮನೆಗೆ ಹೋದಾಗ ಒಂದು ಸಲ ತಲೆ ಎತ್ತಿ ನೋಡಿ. ತೊಲೆ, ತೊಲೆಯ ಮೇಲೆ ಹಲಗೆ. ಕೆಳಗಿರುವವರಿಗೆ ಅದು ಚಾವಣಿ, ಮೇಲಿರುವವರಿಗೆ ನೆಲ. ಚಿಕ್ಕಪೇಟೆಯ ನಮ್ಮ ಮನೆಯಲ್ಲೂ ಅಂಥ ಮಹಡಿ ಕೋಣೆ ಒಂದಿದೆ. 10 ಅಡಿ ಅಗಲ, 14 ಅಡಿ ಉದ್ದ. ತಾತ ಅಲ್ಲಿ ಹುಣಸೆಹಣ್ಣು ಕೂಡಿಡುತ್ತಿದ್ದರು. ಆಮೇಲೆ ಅದು ಮುರಿದ ಕುರ್ಚಿ, ಹಳೇ ಪಂಚಾಂಗಗಳ ಕೋಣೆಯಾಯಿತು. ಸ್ಕೂಲಿನಿಂದ ನಿವೃತ್ತನಾದ ಮೇಲೆ ನನಗೆ ಆ ಹಲಗೆಗಳನ್ನು ಉಜ್ಜಿ ಪಾಲಿಶ್ ಮಾಡಿಸುವ ಹುಚ್ಚು ಹತ್ತಿತು. ಮಾಡಿಸುವುದೇನು, ನಾನೇ ಮಾಡಿಬಿಡೋಣ ಅಂದುಕೊಂಡೆ. ತಪ್ಪು ಆಗಿದ್ದು ಅಲ್ಲೇ.

ಮಂಡಿಪೇಟೆಯಲ್ಲಿ ಉಪ್ಪು ಕಾಗದ ತಂದೆ. ಅದೇ, ಸ್ಯಾಂಡ್ ಪೇಪರ್. ಗುರುತಿನವರ ಹತ್ತಿರ ಗ್ರೈಂಡರ್ ಮೆಷಿನ್ ಕೇಳಿ ತಂದೆ. ಕಬ್ಬಿಣ ಕತ್ತರಿಸುತ್ತಾರಲ್ಲ, ಅದೇ ಮೆಷಿನ್ನಿಗೆ 40ನೇ ನಂಬರಿನ ಒರಟು ಬಿಲ್ಲೆ ಸಿಕ್ಕಿಸಿ, ಕಿಟಕಿ ಪಕ್ಕದ ಹಲಗೆ ಮೇಲೆ ಇಟ್ಟೆ. ಮೂರೇ ಸೆಕೆಂಡು. ಮರ ಬೆಣ್ಣೆ ಥರ ಹೋಯಿತು. ಮೆಷಿನ್ ಎತ್ತಿ ನೋಡಿದರೆ ಹಲಗೆಯಲ್ಲಿ ಅರ್ಧಚಂದ್ರದ ಹಾಗೆ ಗುಳಿ. ಅದನ್ನು ಸರಿ ಮಾಡಲು ಹೋಗಿ ಪಕ್ಕದಲ್ಲಿ ಇನ್ನೊಂದು.

ಅಷ್ಟರಲ್ಲಿ ಕೆಳಗಿನಿಂದ ನಮ್ಮ ಮನೆಯವರ ದನಿ. ‘ಏನ್ರೀ, ಮುದ್ದೆಗೆ ಮರದ ಪುಡಿ ಬೆರೆಸ್ತಾ ಇದ್ದೀರಾ?’ ಹಲಗೆ ಸಂದಿನಿಂದ ಪುಡಿಯೆಲ್ಲ ನೇರ ಅಡುಗೆಮನೆಗೆ ಇಳಿದಿತ್ತು. ರಾಗಿಹಿಟ್ಟಿನ ಡಬ್ಬದ ಮುಚ್ಚಳ ತೆರೆದೇ ಇತ್ತು. ಅವತ್ತು ಮಧ್ಯಾಹ್ನ ಹೋಟೆಲ್ ಊಟ.

ಮಾರನೇ ದಿನ ಮರಗೆಲಸದ ಆಚಾರ್ರನ್ನು ಕರೆದುಕೊಂಡು ಬಂದೆ. ಎಪ್ಪತ್ತು ದಾಟಿದ ಕೈ. ಅವರು ಮೆಷಿನ್ ಕಡೆ ನೋಡಲೇ ಇಲ್ಲ. ಮೊಣಕಾಲೂರಿ ಕೂತು, ಎರಡು ಹಲಗೆ ಮಧ್ಯದ ಸಂದಿಗೆ ಒಂದು ತೆಳು ತಗಡು ಇಳಿಸಿ, ಹಲಗೆ ಎಷ್ಟು ದಪ್ಪ ಇದೆ ಅಂತ ಅಳೆದರು. ಮುಕ್ಕಾಲು ಇಂಚು. ‘ಮೇಷ್ಟ್ರೇ, ಒಂದು ಇಂಚು ಇದ್ದ ಹಲಗೆ ಇದು. ಕಾಲು ಇಂಚು ಆಗಲೇ ಕಾಲಲ್ಲಿ ಸವೆದಿದೆ. ಉಳಿದಿದ್ದನ್ನ ನೀವು ಪುಡಿ ಮಾಡ್ತಾ ಇದ್ದೀರಿ.’ ಆಮೇಲೆ ಮರ ಯಾವುದು ಅಂತ ಉಗುರಲ್ಲಿ ಕೆರೆದು ಮೂಸಿ ನೋಡಿದರು. ಮತ್ತಿ ಅಂದರು.

ಆಚಾರ್ರು ಮೊದಲ ಎರಡು ದಿನ ಉಪ್ಪು ಕಾಗದ ಮುಟ್ಟಲು ಬಿಡಲಿಲ್ಲ. ಮೊದಲು ಗೆದ್ದಲು, ಕುಟ್ಟೆ ಹುಳ ನೋಡಿದರು. ಹುಳ ಕುಟ್ಟಿದ್ದರೆ ಸೂಜಿ ತೂತುಗಳಿರುತ್ತವೆ, ಕೆಳಗೆ ಹಿಟ್ಟಿನ ಹಾಗೆ ಪುಡಿ ಬಿದ್ದಿರುತ್ತದೆ. ಒಂದು ಹಲಗೆ ಹಾಗಿತ್ತು, ತೆಗೆಸಿದರು. ಆಮೇಲೆ ಮೊಳೆ. ಒಂದೊಂದು ಮೊಳೆಯ ತಲೆಯನ್ನೂ ಪಂಚ್ ಇಟ್ಟು ಹೊಡೆದು, ಎರಡು ಮೂರು ಮಿಲಿಮೀಟರ್ ಒಳಗೆ ಇಳಿಸಬೇಕು. ಇಲ್ಲದಿದ್ದರೆ ಕಾಗದ ಪರಪರ ಹರಿಯುತ್ತದೆ. ನಾನು ಎಣಿಸಿದೆ, 212 ಮೊಳೆ. ಬೇರೇನು ಕೆಲಸ ನನಗೆ?

ಆ ಮೊಳೆಗಳ ಸುತ್ತ ಮಸಿ ಚೆಲ್ಲಿದ ಹಾಗೆ ಕಪ್ಪು ಕಲೆ. ನಾನು ಕೊಳೆ ಅಂದುಕೊಂಡು ಸೋಪು ಹಾಕಿ ತಿಕ್ಕಿದ್ದೆ. ಅದು ಕೊಳೆಯಲ್ಲ, ನಿಜಕ್ಕೂ ಮಸಿಯೇ. ಹಿಂದೆ ಅಳಲೆಕಾಯಿ ಕಷಾಯಕ್ಕೆ ಅನ್ನಭೇದಿ ಹಾಕಿ ಬರೆಯುವ ಮಸಿ ಮಾಡುತ್ತಿದ್ದರು ಅಲ್ವಾ? ಅಳಲೆಯ ಒಗರು, ಅನ್ನಭೇದಿಯಲ್ಲಿನ ಕಬ್ಬಿಣ, ಎರಡೂ ಸೇರಿದರೆ ಕಪ್ಪು. ಮತ್ತಿಯೂ ಅಳಲೆಯೂ ಒಂದೇ ಕುಲದ ಮರಗಳು. ಮತ್ತಿಯಲ್ಲೂ ಒಗರು ಜಾಸ್ತಿ. ತೇವ ತಗುಲಿ ಮೊಳೆ ತುಕ್ಕು ಹಿಡಿಯಿತು, ಹಲಗೆಯೊಳಗೆ ತಾನಾಗಿ ಮಸಿ ತಯಾರಾಯಿತು. ತಾತನ ಹುಣಸೆಹಣ್ಣಿನ ಹುಳಿಯೂ ತುಕ್ಕಿಗೆ ಕೈ ಜೋಡಿಸಿರಬೇಕು.

ಈ ಕಲೆ ಉಜ್ಜಿದರೆ ಹೋಗುವುದಿಲ್ಲ, ಆಳಕ್ಕೆ ಇಳಿದಿರುತ್ತದೆ. ಇದಕ್ಕೆ ಆಕ್ಸಾಲಿಕ್ ಆಸಿಡ್ ಪುಡಿ ಬೇಕು. ಬಿಸಿನೀರಿನಲ್ಲಿ ಕರಗಿಸಿ ಬ್ರಷ್‌ನಲ್ಲಿ ಹಚ್ಚಿದರೆ, ಕಣ್ಣೆದುರಿಗೇ ಕಪ್ಪು ತಿಳಿಯಾಗುತ್ತದೆ. ಆದರೆ ಅದು ವಿಷ. ಕೈಗೆ ಗ್ಲೌಸ್ ಬೇಕು, ಮಕ್ಕಳು ಹತ್ತಿರ ಬರಬಾರದು. ಆಮೇಲೆ ಎರಡು ಮೂರು ಸಲ ನೀರಿನ ಬಟ್ಟೆಯಲ್ಲಿ ಚೆನ್ನಾಗಿ ಒರೆಸಿ ತೆಗೆಯಬೇಕು. ಉಳಿದರೆ ಉಜ್ಜುವಾಗ ಪುಡಿಯ ಜೊತೆ ಮೂಗಿಗೆ ಏರುತ್ತದೆ. ಕಲೆ ಇದ್ದ ಕಡೆ ಮಾತ್ರ ಹಚ್ಚಬೇಡಿ, ಅಲ್ಲಿ ಬೆಳ್ಳಗಾಗಿ ತೊನ್ನಿನ ಹಾಗೆ ಕಾಣುತ್ತದೆ. ಇಡೀ ಹಲಗೆಗೆ ಹಚ್ಚಿ.

ಉಜ್ಜುವ ಮೊದಲು ಇನ್ನೊಂದು ಮಾತು. ನಿಮ್ಮ ಹಲಗೆಗೆ ಹಳೇ ಪೇಂಟ್ ಇದ್ದರೆ ಒಣ ಉಜ್ಜು ಬೇಡವೇ ಬೇಡ. ನಮ್ಮ ದೇಶದಲ್ಲಿ ಮನೆಯ ಪೇಂಟಿನಲ್ಲಿ ಸೀಸ 90 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲಿಗೆ 90 ಪಾಲು, ದಾಟಬಾರದು ಅನ್ನುವ ನಿಯಮ ಜಾರಿಗೆ ಬಂದಿದ್ದೇ 2017ರ ನವೆಂಬರಿನಲ್ಲಿ. ಅದಕ್ಕೂ ಹಿಂದಿನ ಪೇಂಟಿನಲ್ಲಿ ಎಷ್ಟಿತ್ತೋ ಯಾರು ನೋಡಿದ್ದಾರೆ? ನೀರು ಹಾಕಿ ನೆನೆಸಿಕೊಂಡು ಉಜ್ಜಿ. ಬರೀ ಮರದ ಪುಡಿಯೂ ಸಾಧುವಲ್ಲ. ಗಟ್ಟಿಮರದ ಪುಡಿ ಮೂಗಿನ ಕ್ಯಾನ್ಸರ್ ತರಬಲ್ಲದು ಅಂತ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 1995ರಲ್ಲೇ ಹೇಳಿದೆ. ಕೊರೊನಾ ಕಾಲದ ಎನ್95 ಮಾಸ್ಕು ಮನೆಯಲ್ಲಿ ಬಿದ್ದಿರುತ್ತದಲ್ಲ, ಹಾಕಿಕೊಳ್ಳಿ. ಕೆಳಗಿನ ಚಾವಣಿಗೆ ಒಂದು ಹಳೇ ಸೀರೆ ಕಟ್ಟಿ. ಹಿಟ್ಟಿನ ಡಬ್ಬ ಮುಚ್ಚಿ.

ಈಗ ಉಪ್ಪು ಕಾಗದಕ್ಕೆ ಬರೋಣ. ನಂಬರು ಸಣ್ಣದಾದಷ್ಟೂ ಕಾಗದ ಒರಟು. ನಾನು 40ರಿಂದ ಶುರು ಮಾಡಿದ್ದೆ, ಆಚಾರ್ರು 60 ಸಾಕು ಅಂದರು. 60, ಆಮೇಲೆ 80, ಆಮೇಲೆ 120. ಕೈ ನೋಯುತ್ತದೆ ಅಂತ ಮಧ್ಯದ್ದನ್ನು ಹಾರಿಸಿದಿರೋ, 60 ಮಾಡಿದ ಗೀರನ್ನು 120 ಅಳಿಸುವುದಿಲ್ಲ. ಆಗ ಏನೂ ಕಾಣುವುದಿಲ್ಲ, ಪಾಲಿಶ್ ಬಿದ್ದ ಮೇಲೆ ಎದ್ದು ಕಾಣುತ್ತದೆ. ಯಾವಾಗಲೂ ಮರದ ಎಳೆ ಹೋದ ಕಡೆಗೇ ಉಜ್ಜಬೇಕು, ಅಡ್ಡ ಅಲ್ಲ.

ಎಷ್ಟು ಉಜ್ಜಿದರೆ ಸಾಕು? ಇದು ನನಗೆ ದೊಡ್ಡ ತಲೆನೋವಾಗಿತ್ತು. ಆಚಾರ್ರು ಕಿವಿ ಮೇಲಿನ ಪೆನ್ಸಿಲ್ ತೆಗೆದು ಹಲಗೆ ಮೇಲೆ ಉದ್ದಕ್ಕೂ ಹಾವಿನ ಥರ ಗೀಚಿದರು. ಗೀಟು ಹೋಗುವವರೆಗೆ ಉಜ್ಜಿ, ಹೋದ ಕೂಡಲೇ ನಿಲ್ಲಿಸಿ. ಪ್ರತಿ ನಂಬರಿಗೂ ಹೀಗೇ. ನಲವತ್ತು ವರ್ಷ ಮಕ್ಕಳ ಪುಸ್ತಕದಲ್ಲಿ ಗೀಟು ಹಾಕಿದ ನನಗೆ ಈ ಉಪಾಯ ಹೊಳೆದಿರಲಿಲ್ಲ ನೋಡಿ. ಸಂಜೆ ದೀಪ ಆರಿಸಿ ಟಾರ್ಚನ್ನು ನೆಲಕ್ಕೆ ತಾಗಿಸಿ ಬಿಟ್ಟರೆ, ಉಳಿದ ಗೀರೆಲ್ಲ ನೆರಳಾಗಿ ಎದ್ದು ಬರುತ್ತವೆ. ಮೂಲೆಗಳಿಗೆ ಅವರು ಒಡೆದ ಗಾಜಿನ ಚೂರು ತಂದರು. ಅದರ ಅಂಚಿನಲ್ಲಿ ಕೆರೆದರೆ ಮರ ಎಳೆ ಎಳೆಯಾಗಿ ಸುರುಳಿ ಸುತ್ತಿ ಬರುತ್ತದೆ, ಪುಡಿಯೇ ಇಲ್ಲ.

ಸಂದುಗಳನ್ನು ಫೆವಿಕಾಲ್‌ಗೆ ಮರದ ಪುಡಿ ಕಲಸಿ ಮುಚ್ಚೋಣ ಅಂದೆ. ಬೇಡ ಅಂದರು. ನಾವು ಕೆಲಸಕ್ಕೆ ಇಳಿದಿದ್ದು ಶಿವರಾತ್ರಿ ಕಳೆದ ಮೇಲೆ. ಆಗ ಮರ ಒಣಗಿ ಕುಗ್ಗಿರುತ್ತದೆ, ಸಂದು ಅಗಲವಾಗಿರುತ್ತದೆ. ಆಗ ಗಟ್ಟಿಯಾಗಿ ತುಂಬಿಬಿಟ್ಟರೆ ಮಳೆಗಾಲಕ್ಕೆ ಹಲಗೆ ಊದಿಕೊಂಡು ತುಂಬಿದ್ದನ್ನೆಲ್ಲ ಹೊರಗೆ ದೂಡುತ್ತದೆ. ಮೊಳೆ ತೂತುಗಳಿಗೆ ಮಾತ್ರ ತುಂಬಿದೆವು.

ಪಾಲಿಶ್ ವಿಷಯದಲ್ಲಿ ಮಾತ್ರ ನಾನು ಅವರ ಮಾತು ಕೇಳಲಿಲ್ಲ. ಅವರಿಗೆ ಫ್ರೆಂಚ್ ಪಾಲಿಶ್ ಆಗಬೇಕು, ಅಂದರೆ ಸ್ಪಿರಿಟ್‌ನಲ್ಲಿ ಕರಗಿಸಿದ ಅರಗು. ನೋಡಲು ಅದರಷ್ಟು ಚೆಂದ ಇನ್ನೊಂದಿಲ್ಲ, ಒಪ್ಪುತ್ತೇನೆ. ಆದರೆ ಬಿಸಿ ಕಾಫಿ ಲೋಟ ಇಟ್ಟರೆ ಬಿಳಿ ಬಳೆ ಬೀಳುತ್ತದೆ, ಒದ್ದೆ ಕಾಲಿಗೆ ತಡೆಯುವುದಿಲ್ಲ. ಬಾಗಿಲಿಗೆ, ಮೇಜಿಗೆ ಸರಿ, ನಡೆದಾಡುವ ನೆಲಕ್ಕಲ್ಲ. ನಾನು ಹೊಳಪಿಲ್ಲದ ಪಿಯು, ಅಂದರೆ ಪಾಲಿಯುರೆಥೇನ್ ವಾರ್ನಿಶ್ ತಂದೆ. ತೆಳುವಾಗಿ ಮೂರು ಕೋಟ್, ಒಂದೊಂದಕ್ಕೂ ಒಂದು ರಾತ್ರಿ ಬಿಟ್ಟು, ಮಧ್ಯೆ 220ರಲ್ಲಿ ಸುಮ್ನೆ ಹಾಗೆ ಒಂದು ಕೈ. ಕಿಟಕಿ ಚೌಕಟ್ಟಿಗೆ ಅಗಸೆ ಎಣ್ಣೆ ಹಚ್ಚಿದೆವು. ಆ ಎಣ್ಣೆ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಏರಿ, ಕಡ್ಡಿ ಗೀರದೆಯೇ ಬೆಂಕಿ ಹತ್ತಬಹುದು. ನಾವು ಬಕೆಟ್ ನೀರಿಗೆ ಹಾಕಿದೆವು.

ಈಗ ಕೋಣೆ ಜೇನಿನ ಬಣ್ಣಕ್ಕೆ ಬಂದಿದೆ. ಮೊಮ್ಮಗ ಅಲ್ಲೇ ಮಲಗಿ ಓದುತ್ತಾನೆ. ಕಿಟಕಿ ಪಕ್ಕದ ಎರಡು ಅರ್ಧಚಂದ್ರ ಮಾತ್ರ ಹೋಗಲಿಲ್ಲ. ಅವನ್ನು ಅಳಿಸಬೇಕೆಂದರೆ ಸುತ್ತ ಇಡೀ ಹಲಗೆಯನ್ನೇ ಅಷ್ಟು ಆಳಕ್ಕೆ ಇಳಿಸಬೇಕು, ಆಚಾರ್ರು ಒಪ್ಪಲಿಲ್ಲ. ಅದರ ಮೇಲೆ ತಾತನ ಕಬ್ಬಿಣದ ಟ್ರಂಕು ಇಟ್ಟಿದ್ದೇವೆ. ಬಂದವರು, ಇಷ್ಟು ಚೆಂದದ ಕಿಟಕಿಗೆ ಅಡ್ಡ ಯಾಕ್ರೀ ಟ್ರಂಕು ಅಂತ ಕೇಳುತ್ತಾರೆ. ನಮ್ಮ ಮನೆಯವರು ನನ್ನ ಕಡೆ ನೋಡುತ್ತಾರೆ.

ನಮಸ್ಕಾರ.