ಉಪ್ಪು ಎರಡು ಸಲ ಬಿದ್ದ ಸಾರು

ಸಭೆಯಲ್ಲಿರುವ ಹಿರಿಯರಿಗೂ, ಅವರನ್ನು ಕರೆತಂದಿರುವ ಮಕ್ಕಳು ಸೊಸೆಯಂದಿರಿಗೂ ನಮಸ್ಕಾರ.

ನಮ್ಮ ದೊಡ್ಡಮ್ಮ ಐವತ್ತು ವರ್ಷ ಒಲೆ ನೋಡಿಕೊಂಡವರು. ಒಂದು ದಿನ ಅವರು ಮಾಡಿದ ಸಾರಿಗೆ ಉಪ್ಪು ಎರಡು ಸಲ ಬಿತ್ತು. ಯಾರೂ ತುಟಿ ಬಿಚ್ಚಲಿಲ್ಲ. ಮುಂದಿನ ವಾರ ಮತ್ತೆ ಬಿತ್ತು. "ಸಾಕು ಬಿಡಿ ಅತ್ತೆ, ಇನ್ನೆಷ್ಟು ದಿನ ದುಡಿಯುತ್ತೀರಿ?" ಎಂದು ಸೊಸೆ ಸೌಟನ್ನು ತನ್ನ ಕೈಗೆ ತೆಗೆದುಕೊಂಡಳು. ಅಕ್ಕರೆಯಿಂದಲೇ. ಎರಡು ವರ್ಷದ ಮೇಲೆ ವೈದ್ಯರ ಬಳಿ ಹೋದಾಗ, "ಅಡುಗೆ ಮಾಡುವಾಗ ಏನಾದರೂ ತೊಂದರೆ ಕಂಡಿದೆಯೇ?" ಎಂಬ ಪ್ರಶ್ನೆ ಬಂತು. "ಇಲ್ಲ ಸಾರ್, ಅವರು ಅಡುಗೆಮನೆಗೇ ಬರುವುದಿಲ್ಲ." ತೊಂದರೆಯಿಲ್ಲ ಎಂದು ದಾಖಲಾಯಿತು.

ನಾನು ಇವತ್ತು ಮಾತನಾಡಲು ಬಂದಿರುವುದು ಆ "ಇಲ್ಲ" ಎಂಬ ಉತ್ತರದ ಬಗ್ಗೆ.

ವಯಸ್ಸಿನ ಮರೆವಿಗೂ, ನೆನಪು ಮತ್ತು ಯೋಚನಾಶಕ್ತಿ ಕುಂದುತ್ತಾ ಹೋಗುವ ಡಿಮೆನ್ಶಿಯಾ ಕಾಯಿಲೆಗೂ ನಡುವೆ ಒಂದು ಹಂತವಿದೆ. ಅದನ್ನು ಅರಿವಿನ ಸೌಮ್ಯ ಕುಂದು ಎನ್ನೋಣ. ಅಮೆರಿಕದ ಮೇಯೊ ಕ್ಲಿನಿಕ್‌ನ ರೊನಾಲ್ಡ್ ಪೀಟರ್ಸನ್ ಮತ್ತು ಸಂಗಡಿಗರು 1999ರಲ್ಲಿ ಇದಕ್ಕೆ ಲಕ್ಷಣ ಹೇಳಿದರು: ಮರೆವಿನ ದೂರು ಇದೆ, ಪರೀಕ್ಷೆಯಲ್ಲೂ ಅದು ಕಾಣುತ್ತದೆ, ಆದರೆ ದಿನದ ಕೆಲಸಗಳು ನಡೆದುಕೊಂಡು ಹೋಗುತ್ತಿವೆ. ಕೆಲಸವೂ ಕೆಟ್ಟರೆ ಡಿಮೆನ್ಶಿಯಾ. ಕಾಗದದ ಮೇಲೆ ಗೆರೆ ನೇರವಾಗಿದೆ. ಮನೆಯಲ್ಲಿ ಅದು ಅಷ್ಟು ನೇರವಾಗಿಲ್ಲ. ಸ್ನಾನ, ಊಟ, ಬಟ್ಟೆ ಇವೆಲ್ಲ ಕೆಡುವುದು ಬಹಳ ತಡವಾಗಿ. "ಅಪ್ಪ ತಾವೇ ಸ್ನಾನ ಮಾಡುತ್ತಾರೆ, ಚೆನ್ನಾಗಿಯೇ ಇದ್ದಾರೆ" ಎಂಬ ಮಾತಿನಿಂದ ನನಗೆ ಏನೂ ತಿಳಿಯುವುದಿಲ್ಲ. ಮೊದಲು ಸಡಿಲವಾಗುವುದು ಹಲವು ಹೆಜ್ಜೆಗಳನ್ನು ಒಂದಕ್ಕೊಂದು ಜೋಡಿಸಬೇಕಾದ ಕೆಲಸಗಳು. ಫ್ರಾನ್ಸಿನ ನೈರುತ್ಯ ಭಾಗದಲ್ಲಿ ವೃದ್ಧರ ಮೇಲೆ ನಡೆದ ಪಾಕ್ವಿಡ್ ಎಂಬ ಅಧ್ಯಯನ ಇಂಥ ನಾಲ್ಕನ್ನು ಎತ್ತಿ ತೋರಿಸಿತು: ಫೋನ್ ಬಳಸುವುದು, ಓಡಾಡಲು ವಾಹನ ಹಿಡಿಯುವುದು, ತಮ್ಮ ಮಾತ್ರೆಗಳನ್ನು ತಾವೇ ನೋಡಿಕೊಳ್ಳುವುದು, ಹಣಕಾಸು. ಫೋನಿನ ವಿಚಾರದಲ್ಲಿ ಒಂದು ಸೂಕ್ಷ್ಮವಿದೆ. ಬಂದ ಕರೆಯನ್ನು ಎತ್ತುವುದು ಬೇರೆ, ನೆನಪಿಟ್ಟುಕೊಂಡು ತಾವಾಗಿ ಮಾಡುವುದು ಬೇರೆ. ನಿಮ್ಮ ತಾಯಿ ಕೊನೆಯ ಸಲ ತಾವಾಗಿ ಕರೆ ಮಾಡಿದ್ದು ಯಾವಾಗ?

ಇಂಥ ಕೆಲಸಗಳನ್ನು ಅಳೆಯಲು ಅಮೆರಿಕದ ಫಿಲಡೆಲ್ಫಿಯಾದಲ್ಲಿ ಲಾಟನ್ ಮತ್ತು ಬ್ರೋಡಿ ಎಂಬ ಸಂಶೋಧಕರು 1969ರಲ್ಲಿ ಮಾಡಿದ ಪಟ್ಟಿ ಇಂದಿಗೂ ಬಳಕೆಯಲ್ಲಿದೆ. ಅದರಲ್ಲಿ ಹೆಂಗಸರಿಗೆ ಎಂಟು ಅಂಶ, ಗಂಡಸರಿಗೆ ಐದೇ. ಅಡುಗೆ, ಮನೆಗೆಲಸ, ಬಟ್ಟೆ ಒಗೆಯುವುದನ್ನು ಗಂಡಸರಿಗೆ ಲೆಕ್ಕ ಹಾಕಲಿಲ್ಲ. ನಗಬೇಡಿ, ಆ ವಿಷಯದಲ್ಲಿ ಫಿಲಡೆಲ್ಫಿಯಾಕ್ಕೂ ನಮ್ಮೂರಿಗೂ ದೂರವೇನಿಲ್ಲ.

ಬ್ಯಾಂಕಿನ ಮೆಟ್ಟಿಲನ್ನೇ ಹತ್ತದ ಅಜ್ಜಿಯನ್ನು ಹಣಕಾಸಿನ ಬಗ್ಗೆ ಕೇಳಿ ಏನು ಪ್ರಯೋಜನ? ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಭಾರತ ಮತ್ತು ಅಮೆರಿಕದ ಸಂಶೋಧಕರು 1990ರ ದಶಕದಲ್ಲಿ ಈ ಕಷ್ಟಕ್ಕೆ ಎದುರಾದರು. ಅವರ ಮುಂದಿದ್ದ ವೃದ್ಧರಲ್ಲಿ ಹೆಚ್ಚಿನವರಿಗೆ ಓದುಬರಹ ಬರುತ್ತಿರಲಿಲ್ಲ. "ಒಂದು ವಾಕ್ಯ ಬರೆಯಿರಿ" ಎಂಬ ಪರೀಕ್ಷೆಯ ಜಾಗದಲ್ಲಿ ಮನೆಯ ಬಗ್ಗೆ ಒಂದು ಮಾತು ಹೇಳಿಸಿದರು. ದಿನಚರಿಗಾಗಿ ಬೇರೆಯೇ ಪ್ರಶ್ನಾವಳಿ ಕಟ್ಟಿದರು, ಅದನ್ನು ಮನೆಯವರಿಗೆ ಕೇಳಿದರು. ಊಟ ಮಾಡಿದ್ದನ್ನು ಮರೆತು ಮತ್ತೆ ಊಟ ಕೇಳುತ್ತಾರೆಯೇ? ಗುಂಡಿ ತಪ್ಪಾಗಿ ಹಾಕಿಕೊಳ್ಳುತ್ತಾರೆಯೇ? ಊರಲ್ಲೇ ದಾರಿ ತಪ್ಪುತ್ತಾರೆಯೇ? ದೊಡ್ಡ ಹಬ್ಬಗಳು ನೆನಪಿವೆಯೇ? ನನಗೆ ಬಹಳ ಹಿಡಿಸಿದ ಪ್ರಶ್ನೆ ಇನ್ನೊಂದಿದೆ: ಮನೆಯಲ್ಲಿ ಮದುವೆಯಂಥ ಮಾತು ಬಂದಾಗ ತಮ್ಮ ಅಭಿಪ್ರಾಯ ಹೇಳುತ್ತಾರೆಯೇ? ಜಗಲಿಯ ಮೇಲೆ ಕೂತ ಮುದುಕನ ಕೆಲಸ ಅದೇ ಅಲ್ಲವೇ? ಸಂಬಂಧ ಕುದುರಿಸುವ ಮಾತಿನಲ್ಲಿ ಆತ ಸುಮ್ಮನಾದರೆ ಅದು ದೊಡ್ಡಸ್ತಿಕೆಯ ಮೌನವೋ, ಮಾತಿನ ಎಳೆ ಕೈತಪ್ಪಿದ ಮೌನವೋ ಎಂದು ಮನೆಯವರು ಮಾತ್ರ ಹೇಳಬಲ್ಲರು.

ನಮ್ಮ ಕೋಲಾರ ಜಿಲ್ಲೆಯ ಶ್ರೀನಿವಾಸಪುರದ ಹಳ್ಳಿಗಳಲ್ಲೂ ಭಾರತೀಯ ವಿಜ್ಞಾನ ಸಂಸ್ಥೆಯ ಮಿದುಳು ಸಂಶೋಧನಾ ಕೇಂದ್ರದವರು 45 ದಾಟಿದವರನ್ನು ವರ್ಷಗಟ್ಟಲೆ ಹಿಂಬಾಲಿಸಿ ಅಧ್ಯಯನ ಮಾಡುತ್ತಿದ್ದಾರೆ. ಹತ್ತು ಸಾವಿರ ಜನರನ್ನು ಒಳಗೊಳ್ಳುವ ಗುರಿ. 45 ಯಾಕೆಂದರೆ, ಕುಂದು ಹೊರಗೆ ಕಾಣುವುದಕ್ಕೆ ಬಹಳ ವರ್ಷ ಮೊದಲೇ ಮಿದುಳಿನಲ್ಲಿ ಬದಲಾವಣೆ ಶುರುವಾಗಿರುತ್ತದೆ. ದೇಶದಲ್ಲಿ 60 ದಾಟಿದವರಲ್ಲಿ ಶೇಕಡಾ 7.4ರಷ್ಟು, ಅಂದರೆ ಸುಮಾರು 88 ಲಕ್ಷ ಮಂದಿಗೆ ಡಿಮೆನ್ಶಿಯಾ ಇದೆ ಎಂದು 2023ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ಗಂಡಸರಿಗಿಂತ ಹೆಂಗಸರಲ್ಲಿ, ಪಟ್ಟಣಕ್ಕಿಂತ ಹಳ್ಳಿಯಲ್ಲಿ ಹೆಚ್ಚು.

"ಅರವತ್ತಕ್ಕೆ ಅರಳುಮರಳು" ಎಂದು ಕೈಚೆಲ್ಲುವವರ ಮೇಲೆ ನನಗೆ ಸಿಟ್ಟಿದೆ. ಬಿ12 ಕೊರತೆ, ಥೈರಾಯ್ಡ್, ಖಿನ್ನತೆ, ನಿದ್ರೆಮಾತ್ರೆ, ಇವೂ ಮರೆವು ತರುತ್ತವೆ, ಚಿಕಿತ್ಸೆಗೆ ಬಗ್ಗುತ್ತವೆ. ಕಿವಿ ಮಂದವಾಗಿ ಮಾತು ಕೇಳಿಸದಿದ್ದರೂ ನಾವು ಮರೆತರು ಎನ್ನುತ್ತೇವೆ. ಸೌಮ್ಯ ಕುಂದು ಇರುವವರೆಲ್ಲ ಡಿಮೆನ್ಶಿಯಾಕ್ಕೆ ಇಳಿಯುವುದಿಲ್ಲ. ಕೆಲವರು ಇದ್ದಲ್ಲೇ ಇರುತ್ತಾರೆ, ಕೆಲವರು ಸುಧಾರಿಸುತ್ತಾರೆ. ಯಾರು ಯಾವ ಕಡೆ ಎಂದು ತಿಳಿಯಬೇಕಾದರೆ ಮೊದಲು ಮಾಡುತ್ತಿದ್ದ ಯಾವ ಕೆಲಸ ಈಗ ನಿಂತಿದೆ, ಅವರೇ ಬಿಟ್ಟರೋ ನಾವು ಬಿಡಿಸಿದೆವೋ ಎಂಬ ಲೆಕ್ಕ ಬೇಕು. ಸೌಟು ಕಸಿದ ದಿನವೇ ಆ ಲೆಕ್ಕದ ಪುಸ್ತಕ ಮುಚ್ಚಿಹೋಗುತ್ತದೆ.

ದೊಡ್ಡಮ್ಮನ ಮುಂದೆ ನಾನು ಒಂದು ಸಂಜೆ ನೆನೆದ ಅವರೆಕಾಳಿನ ತಟ್ಟೆ ಇಟ್ಟೆ. ಅವರ ಬೆರಳು ಒಂದೊಂದೇ ಕಾಳನ್ನು ಹಿತಕಿ ಬೇಳೆಯನ್ನು ಪಾತ್ರೆಗೆ, ಸಿಪ್ಪೆಯನ್ನು ಮೊರಕ್ಕೆ ಚಿಮ್ಮಿಸುತ್ತಿತ್ತು. ಹುಳುಕು ಕಾಳು ಬಂದರೆ ನೋಡದೆಯೇ ಬೇರೆ ಇಡುತ್ತಿದ್ದರು. "ಸಾರು ಹೇಗೆ ಮಾಡುತ್ತೀರಿ ದೊಡ್ಡಮ್ಮ?" ಎಂದೆ. ಕಾಳು ಹಿತಕುವುದು ಹೇಳಿದರು, ಕಾಯಿ ತುರಿಯುವುದು ಹೇಳಿದರು, ಮಸಾಲೆ ರುಬ್ಬುವುದು ಹೇಳಿದರು. "ಆಮೇಲೆ?" ತಟ್ಟೆಯನ್ನೇ ಸ್ವಲ್ಪ ಹೊತ್ತು ನೋಡಿದರು. "ಆಮೇಲೆ ಕಾಳು ನೆನೆಹಾಕಬೇಕು ಕಣೋ."

ನನ್ನ ಬಳಿಯಿದ್ದ ಪ್ರಶ್ನಾವಳಿಯ ಹಾಳೆಯಲ್ಲಿ ಇದನ್ನು ಬರೆಯಲು ಜಾಗವಿರಲಿಲ್ಲ. ಅಂಚಿನಲ್ಲಿ ಬರೆದೆ.