ದುಡಿ ತಾನಾಗೇ ನುಡಿದರೆ

ನಮಸ್ಕಾರ. ಮಾಯ-ಮಂತ್ರದ ಕತೆಗಳಲ್ಲಿ ಒಂದು ಮಂತ್ರ ಬರುತ್ತದೆ, ಕೇಳಿರುತ್ತೀರಿ. ಅದನ್ನು ಹೇಳಿದರೆ ಸಾಕು, ವಾದ್ಯಗಳು ತಾವಾಗೇ ನುಡಿಯುತ್ತವೆ. ಪಿಟೀಲಿನ ಮೇಲೆ ಕಮಾನು ತಾನೇ ಓಡುತ್ತದೆ. ಡೋಲಿನ ಕೋಲು ಗಾಳಿಯಲ್ಲಿ ಎದ್ದು ಬಡಿಯುತ್ತದೆ. ಚಿಕ್ಕವನಿದ್ದಾಗ ನನಗೆ ಆ ಮಂತ್ರ ಬೇಕೇ ಬೇಕು ಅನಿಸಿತ್ತು. ಈಗ ಬೇಡ.

ಮಂತ್ರ ಇಲ್ಲದೆಯೂ ಆ ಕೆಲಸ ಆಗಿದೆ, ಅಲ್ವಾ? 1890ರ ದಶಕದಲ್ಲೇ ಪಿಯಾನೋಲಾ ಬಂದಿತ್ತು. ಕಾಗದದ ಸುರುಳಿಯಲ್ಲಿ ತೂತು, ಆ ತೂತಿನಲ್ಲಿ ಗಾಳಿ, ಆ ಗಾಳಿಯಿಂದ ಪಿಯಾನೋ. ಅಷ್ಟು ದೂರ ಯಾಕೆ? ನಮ್ಮ ದೇವಸ್ಥಾನಗಳಲ್ಲಿ ಮಂಗಳಾರತಿ ಹೊತ್ತಿಗೆ ಸ್ವಿಚ್ ಹಾಕಿದರೆ ಮೋಟಾರು ತಿರುಗಿ ನಗಾರಿ, ಜಾಗಟೆ, ಗಂಟೆ ಎಲ್ಲಾ ಒಟ್ಟಿಗೆ ಮೊಳಗುತ್ತವೆ. ಅರ್ಚಕರೊಬ್ಬರೇ ಇರುವ ಗುಡಿಗೆ ಅದು ದೊಡ್ಡ ಆಸರೆ. ನಾನು ತಪ್ಪು ಅನ್ನುವುದಿಲ್ಲ. ಆದರೆ ಆರತಿ ಮುಗಿದದ್ದು ಅದಕ್ಕೆ ಗೊತ್ತಾಗುವುದಿಲ್ಲ. ಯಾರಾದರೂ ಹೋಗಿ ಆಫ್ ಮಾಡಬೇಕು.

ವಾಲಗದವರಿಗೆ ಗೊತ್ತಾಗುತ್ತದೆ. ವಿರಾಜಪೇಟೆ ಕಡೆ ನೆಂಟರ ಒಂದು ಮದುವೆ. ಮಂಡಿನೋವಿನ ಅಜ್ಜ ಒಬ್ಬರು ಕುರ್ಚಿ ಬಿಟ್ಟು ಎದ್ದರು. ಡೋಲಿನವರು ನೋಡಿದ್ದು ಅವರ ಕಾಲನ್ನು. ಪೆಟ್ಟು ಮೆಲ್ಲಗಾಯಿತು. ಅಜ್ಜ ಕೈ ಎತ್ತಿ ಎರಡು ಸುತ್ತು ಕುಣಿದರು, ಮುಖದ ತುಂಬಾ ನಗು. ಅವರು ಕೂತ ಮೇಲೆಯೇ ಹುಡುಗರಿಗೆ ಅಂತ ಪೆಟ್ಟು ಜೋರಾಯಿತು. ಯಾರೂ ಯಾರಿಗೂ ಒಂದು ಮಾತು ಹೇಳಲಿಲ್ಲ. ಆಮೇಲೆ ಡಿಜೆ ಶುರುವಾಯಿತು. ಅಜ್ಜ ಮತ್ತೆ ಏಳಲಿಲ್ಲ.

ಇನ್ನು ನಮ್ಮ ಕೊಡಗಿನ ದುಡಿ. ನಡು ಸಣ್ಣಗಿರುವ ಪುಟ್ಟ ವಾದ್ಯ, ನೋಡಿದರೆ ಏನಿದೆ ಇದರಲ್ಲಿ ಅನಿಸುತ್ತದೆ. ನಾಲ್ಕು ಜನ ಬಾರಿಸುತ್ತಾ ಹಾಡುತ್ತಾರೆ. ಇಬ್ಬರು ಒಂದು ಸಾಲು ಹೇಳಿದರೆ ಇನ್ನಿಬ್ಬರು ಅದನ್ನೇ ತಿರುಗಿ ಹೇಳುತ್ತಾರೆ. ಅಷ್ಟರಲ್ಲಿ ಮೊದಲಿನವರಿಗೆ ಮುಂದಿನ ಸಾಲು ನೆನಪಾಗಬೇಕು. ಮದುವೆಗೆ ಒಂದು ಹಾಡು, ಸುಗ್ಗಿ ಹಬ್ಬ ಪುತ್ತರಿಗೆ ಒಂದು, ಸಾವಿನ ಮನೆಗೆ ಇನ್ನೊಂದು. ನಡಿಕೇರಿಯಂಡ ಚಿಣ್ಣಪ್ಪನವರು ಈ ಹಾಡುಗಳನ್ನೆಲ್ಲ ಬರೆದುಕೊಂಡು 1924ರಲ್ಲಿ ‘ಪಟ್ಟೋಲೆ ಪಳಮೆ’ಯಾಗಿ ಅಚ್ಚು ಹಾಕಿಸಿದರು. ಹಾಗಾಗಿ ಮಾತು ನಮಗೆ ಸಿಕ್ಕಿದೆ. ಆ ಪುಸ್ತಕ ತೆಗೆದಾಗಲೆಲ್ಲ ನನಗೆ ಕೈ ಮುಗಿಯಬೇಕು ಅನಿಸುತ್ತದೆ. ಆದರೆ ಎಲ್ಲಿ ಎಳೆಯಬೇಕು, ಎಲ್ಲಿ ಉಸಿರು ತೆಗೆದುಕೊಳ್ಳಬೇಕು ಅನ್ನುವುದನ್ನು ಹಾಡುವವರ ಪಕ್ಕದಲ್ಲಿ ಕೂತೇ ಕಲಿಯಬೇಕು.

ಹಾಗಾಗಿ ಈಗ ಭಾನುವಾರ ಸಂಜೆ ಕಲಿಯುತ್ತಿದ್ದೇವೆ. ನಾವು ಮೂರೇ ಜನ. ಆ ಮಂತ್ರ ಇದ್ದಿದ್ದರೆ ನಾಲ್ಕನೆಯ ದುಡಿ ತಾನಾಗೇ ನುಡಿಯುತ್ತಿತ್ತು, ತಾಳವೂ ತಪ್ಪುತ್ತಿರಲಿಲ್ಲ. ಆದರೆ ನಾನು ಸಾಲು ಮರೆತು ತಡವರಿಸಿದಾಗ ಅದು ನನ್ನ ಮುಖ ನೋಡಿ ಕಾಯುತ್ತಿರಲಿಲ್ಲ.

ಮಡಿಕೇರಿ ಸುತ್ತಮುತ್ತ ಇರುವವರು ಯಾರಾದರೂ ಬನ್ನಿ. ಬಾರಿಸಲು ಬರದಿದ್ದರೂ ಪರವಾಗಿಲ್ಲ. ದುಡಿ ಒಂದು ಜಾಸ್ತಿ ಇದೆ.